ಠಾಣೆಯಿಂದ ಕರೆ ಬಂದಾಗ, ತೆರಿಗೆ ನೋಟಿಸು ಬಂದಾಗ: ಅಧಿಕಾರಿಗಳೊಂದಿಗೆ ಕ್ರೈಸ್ತರು ನಡೆದುಕೊಳ್ಳುವ ಬಗೆ

ಭಾನುವಾರದ ಆರಾಧನೆ ಮುಗಿದು ಜನ ಹೊರಗೆ ಚಪ್ಪಲಿ ಹುಡುಕುವ ಹೊತ್ತಿಗೆ ನನ್ನ ಹತ್ತಿರ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. "ಮನೆಯಲ್ಲಿ ಪ್ರಾರ್ಥನೆ ನಿಲ್ಲಿಸಿ ಎಂದು ಹವಾಲ್ದಾರರು ಹೇಳಿ ಹೋಗಿದ್ದಾರೆ, ನಿಲ್ಲಿಸಬೇಕೆ?" "ಮೈಕಿಗೆ ಅನುಮತಿ ಬೇಕೆ?" "ಉತಾರ ಕೊಡಲು ದುಡ್ಡು ಕೇಳುತ್ತಿದ್ದಾರೆ, ಕೊಟ್ಟರೆ ಪಾಪವೆ?" "ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ಪೌಲನೇ ಬರೆದ ಮೇಲೆ ನಾವು ಎದುರು ಮಾತನಾಡಬಹುದೆ?" ಒಬ್ಬೊಬ್ಬರಿಗೂ ನಿಂತಲ್ಲೇ ಉತ್ತರಿಸಿ ಸಾಕಾಗಿದೆ. ಅದಕ್ಕೇ ಈ ಬರಹ.

ನಾನು ಕಂದಾಯ ಇಲಾಖೆಯ ಕಚೇರಿಯೊಂದರಲ್ಲಿ ಬಹಳ ಕಾಲ ಟಪಾಲು ಮೇಜಿನ ಹಿಂದೆ ಕುಳಿತವನು. ಈಗ ವಿಜಯಪುರದಲ್ಲಿ ನಮ್ಮ ಸಭೆಯ ಹಿರಿಯರಲ್ಲಿ ಒಬ್ಬ. ಮೇಜಿನ ಎರಡೂ ಬದಿಯಿಂದ ನೋಡಿದವನಾಗಿ ಒಂದು ಮಾತು ಹೇಳುತ್ತೇನೆ. ಸರಕಾರದಿಂದ ಯಾವ ತೊಡಕು ಬಂದರೂ ನಮ್ಮವರು ಕೂಡಲೇ ತಮ್ಮನ್ನು ರಾಜಾಜ್ಞೆಗೆ ಮಣಿದು ಪ್ರಾರ್ಥನೆ ಬಿಡಲೊಲ್ಲದೆ ಸಿಂಹದ ಗವಿ ಸೇರಿದ ದಾನಿಯೇಲ ಎಂದುಕೊಂಡುಬಿಡುತ್ತಾರೆ. ಬಹಳ ಸಲ ಅಲ್ಲಿ ಸಿಂಹವೇ ಇರುವುದಿಲ್ಲ, ಕೊಡಬೇಕಾಗಿದ್ದ ಒಂದು ಅರ್ಜಿ ಇರುತ್ತದೆ. ಯೆರೂಸಲೇಮಿನ ಗೋಡೆ ಕಟ್ಟಲು ಹೊರಟ ನೆಹೆಮೀಯ ಮೊದಲು ಮಾಡಿದ ಕೆಲಸವೇನು? ಅರ್ತಷಸ್ತ ರಾಜನ ಬಳಿ ದಾರಿಯ ದೇಶಾಧಿಪತಿಗಳಿಗೆ ಪತ್ರ ಕೇಳಿದ. ಮರಕ್ಕಾಗಿ ಅರಸನ ಅರಣ್ಯಪಾಲಕ ಆಸಾಫನಿಗೆ ಬೇರೆ ಪತ್ರ ಬರೆಸಿಕೊಂಡ (ನೆಹೆಮೀಯ 2:7-8). ಮೊದಲು ನೆಹೆಮೀಯನ ಕೆಲಸ ಮುಗಿಸಿ. ದಾನಿಯೇಲನಾಗುವ ಪ್ರಸಂಗ ನಿಜವಾಗಿಯೂ ಬಂದರೆ ಅದನ್ನು 8ನೆಯ ಹಂತದಲ್ಲಿ ನೋಡೋಣ.

ಶುರು ಮಾಡುವ ಮೊದಲು ಇಷ್ಟನ್ನು ಹೊಂದಿಸಿಕೊಳ್ಳಿ: ಒಂದು ಸತ್ಯವೇದ, ಭಾರತ ಸಂವಿಧಾನದ ಒಂದು ಕನ್ನಡ ಪ್ರತಿ, ದಾರ ಕಟ್ಟುವ ಒಂದು ಕಡತ, ಪರಿಚಯದ ಒಬ್ಬ ವಕೀಲರ ದೂರವಾಣಿ ಸಂಖ್ಯೆ. ಇವೆಲ್ಲಕ್ಕಿಂತ ಹೆಚ್ಚಾಗಿ ಸಭೆಯಲ್ಲಿ ಸಿಟ್ಟು ಬೇಗ ಬಾರದ ಒಬ್ಬ ವ್ಯಕ್ತಿ ಬೇಕು. ಅಧಿಕಾರಿಗಳ ಬಳಿ ಮಾತನಾಡುವ ಕೆಲಸ ಅವರದೇ ಆಗಿರಲಿ. ಚೆನ್ನಾಗಿ ಪ್ರಸಂಗ ಮಾಡುವವರೆಲ್ಲ ಇದಕ್ಕೆ ಹೊಂದುವುದಿಲ್ಲ.

ಹಂತ 1: ನಾಲ್ಕು ಭಾಗಗಳನ್ನು ಒಟ್ಟಿಗೆ ಓದಿ

ರೋಮಾಪುರದವರಿಗೆ 13:1-7, ಪೇತ್ರನ ಮೊದಲನೆಯ ಪತ್ರಿಕೆ 2:13-17, ಅಪೊಸ್ತಲರ ಕೃತ್ಯಗಳು 5:17-42, ಪ್ರಕಟನೆ 13. ಇವನ್ನು ಒಂದೇ ಕೂತಿನಲ್ಲಿ, ಸಾಧ್ಯವಾದರೆ ಸಭೆಯ ಹಿರಿಯರೆಲ್ಲ ಸೇರಿ ಓದಿ. ನಮ್ಮಲ್ಲಿ ನಡೆಯುವ ದೊಡ್ಡ ತಪ್ಪು ಒಂದೇ ವಚನವನ್ನು ಹಿಡಿದುಕೊಳ್ಳುವುದು. ಹೆದರಿಕೆಯವರು ರೋಮಾಪುರ 13 ಹಿಡಿಯುತ್ತಾರೆ, ಜಗಳದವರು "ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು" ಎಂಬ ಅಪೊಸ್ತಲರ ಕೃತ್ಯಗಳು 5:29 ಹಿಡಿಯುತ್ತಾರೆ. ಎರಡೂ ಒಂದೇ ಪುಸ್ತಕದಲ್ಲಿವೆ.

ಪೌಲ ರೋಮಾಪುರದವರಿಗೆ ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ, ನೀರೋ ಚಕ್ರವರ್ತಿಯ ಕಾಲದಲ್ಲಿ. ನೀರೋ ಆಗಿನ್ನೂ ಕ್ರೈಸ್ತರ ಮೇಲೆ ಕೈ ಮಾಡಿರಲಿಲ್ಲ, ಅದು 64ರ ಬೆಂಕಿ ಅನಾಹುತದ ನಂತರದ ಕಥೆ. ಆದರೆ ಯೇಸುವನ್ನು ಶಿಲುಬೆಗೇರಿಸಿದ್ದು ಇದೇ ರೋಮ್ ಎಂಬುದು ಬರೆಯುವವನಿಗೆ ಗೊತ್ತಿತ್ತು. ಬರೆಯುವವನ ಬೆನ್ನ ಮೇಲೆ ಫಿಲಿಪ್ಪಿಯ ಅಧಿಕಾರಿಗಳು ಹೊಡೆಸಿದ ಬೆತ್ತದ ಗುರುತೂ ಇತ್ತು. ಒಳ್ಳೆಯ ದೊರೆ ಸಿಕ್ಕನೆಂಬ ಹಿಗ್ಗಿನಲ್ಲಿ ಬರೆದ ಮಾತಲ್ಲ ಅದು.

"ಅಧೀನ" ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೂಲ ಗ್ರೀಕಿನಲ್ಲಿ ಅಲ್ಲಿರುವುದು "ಹುಪೊಟಾಸ್ಸೊ", ಅಂದರೆ ವ್ಯವಸ್ಥೆಯಲ್ಲಿ ತನ್ನ ಜಾಗದಲ್ಲಿ, ಇನ್ನೊಬ್ಬರ ಕೆಳಗೆ ನಿಲ್ಲುವುದು. ಹೇಳಿದ ಮಾತು ಕೇಳಿ ನಡೆಯುವುದಕ್ಕೆ ಗ್ರೀಕಿನಲ್ಲಿ ಬೇರೆಯೇ ಪದವಿದೆ. ಹಾಗಾಗಿ ಅಧೀನನಾಗಿದ್ದುಕೊಂಡೇ ಒಂದು ಆಜ್ಞೆಯನ್ನು ಒಲ್ಲೆ ಎನ್ನಲು ಸಾಧ್ಯ. ದಾನಿಯೇಲ ಪ್ರಾರ್ಥನೆ ಬಿಡಲಿಲ್ಲ, ಗವಿಗೆ ಹಾಕಲು ಬಂದವರ ಮೇಲೆ ಕೈಯೂ ಎತ್ತಲಿಲ್ಲ. ಇನ್ನೊಂದು ಪದ 4ನೆಯ ವಚನದಲ್ಲಿದೆ. ಅಧಿಕಾರಿಯನ್ನು ಪೌಲ "ದೇವರ ಸೇವಕ" ಎನ್ನುತ್ತಾನೆ. ಸೇವಕನಿಗೆ ಮೇಲೊಬ್ಬ ಯಜಮಾನನಿದ್ದಾನೆ ಎಂಬ ಅರ್ಥ ಅದರಲ್ಲೇ ಇದೆ.

ಈಗ ನಮ್ಮ ನೆಲಕ್ಕೆ ಬನ್ನಿ. ಪೌಲನ ಕಾಲದಲ್ಲಿ ಎಲ್ಲರ ಮೇಲೆ ಕೈಸರನಿದ್ದ. 1950ರ ಜನವರಿ 26ರಿಂದ ನಮ್ಮಲ್ಲಿ ಎಲ್ಲರ ಮೇಲಿರುವುದು ಸಂವಿಧಾನ. ತಲಾಠಿ, ತಹಶೀಲ್ದಾರರು, ಜಿಲ್ಲಾಧಿಕಾರಿ, ಮಂತ್ರಿ ಎಲ್ಲರೂ ಅದರ ಕೆಳಗೆ. ಆದ್ದರಿಂದ ಕಾನೂನಿನಲ್ಲಿಲ್ಲದ ಒಂದು ಬಾಯಿಮಾತಿನ ಆಜ್ಞೆಗೆ "ಸ್ವಾಮಿ, ಕಾನೂನು ಹೀಗಿದೆಯಲ್ಲ" ಎಂದು ವಿನಯದಿಂದ ಕೇಳುವುದು ಅಧೀನತೆಗೆ ವಿರೋಧವಲ್ಲ. ನನ್ನ ಮಟ್ಟಿಗೆ ರೋಮಾಪುರ 13ನ್ನು ಭಾರತದಲ್ಲಿ ಪಾಲಿಸುವ ರೀತಿಯೇ ಅದು.

ಹಂತ 2: ಹೆಸರು ಹಿಡಿದು ಪ್ರಾರ್ಥಿಸಿ

ಅರಸರಿಗಾಗಿಯೂ ಅಧಿಕಾರದಲ್ಲಿರುವವರಿಗಾಗಿಯೂ ಪ್ರಾರ್ಥಿಸಬೇಕೆಂದು ತಿಮೊಥೆಗೆ ಬರೆದ ಮೊದಲನೆಯ ಪತ್ರಿಕೆ (2:1-2) ಹೇಳುತ್ತದೆ. ಗ್ರಾಮ ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಠಾಣೆಯ ಪಿಎಸ್‌ಐ, ತಹಶೀಲ್ದಾರರು, ಜಿಲ್ಲಾಧಿಕಾರಿ ಇವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ರಸಂಗಪೀಠದ ಒಳಮೈಗೆ ಅಂಟಿಸಿ. ವರ್ಗಾವಣೆಯಾದಾಗ ಬದಲಿಸಿ. ಎಚ್ಚರಿಕೆ ಒಂದೇ: ಪ್ರಾರ್ಥನೆಯ ನೆಪದಲ್ಲಿ ಯಾರನ್ನೂ ಶಪಿಸಬೇಡಿ, ಯಾವ ಪಕ್ಷವನ್ನೂ ಹೊಗಳಬೇಡಿ.

ಹಂತ 3: ಕೊಡಬೇಕಾದ್ದನ್ನು ಕೊಟ್ಟು ಮುಗಿಸಿ

ಕೈಸರನಿಗೆ ತೆರಿಗೆ ಕೊಡಬೇಕೆ ಎಂದು ಕೇಳಲು ಬಂದವರಿಗೆ ಯೇಸು ಒಂದು ನಾಣ್ಯ ತರಲು ಹೇಳಿದ. ತಿಬೇರಿಯ ಕೈಸರನ ತಲೆಯ ಮುದ್ರೆಯಿದ್ದ ಆ ಬೆಳ್ಳಿ ನಾಣ್ಯ ಸಿಕ್ಕಿದ್ದು ಕೇಳಲು ಬಂದವರ ಬಳಿಯೇ. ಕೈಸರನ ನಾಣ್ಯ, ಕೈಸರನ ರಸ್ತೆ, ಕೈಸರನ ಸಂತೆ ಎಲ್ಲ ಬೇಕು, ತೆರಿಗೆ ಎಂದಾಗ ಮಾತ್ರ ಧರ್ಮಸೂಕ್ಷ್ಮ! ನಮ್ಮ ಸಭೆಗಳ ಲೆಕ್ಕದ ಪುಸ್ತಕ ತೆರೆದಾಗಲೆಲ್ಲ ನನಗೆ ಈ ದೃಶ್ಯ ನೆನಪಾಗುತ್ತದೆ.

ಬೆಳಗಾವಿಯಲ್ಲಿ ಲಂಡನ್ ಮಿಷನ್ ಕೆಲಸ ಆರಂಭವಾದದ್ದು 1820ರಲ್ಲಿ. ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ನಿನವರು ನೆಲೆಯೂರಿದ್ದರು. ಇಂಥ ಹಳೆಯ ಚರ್ಚುಗಳಿಗೆ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ), ಟ್ರಸ್ಟ್, ಕಾಗದಪತ್ರದ ಬೆನ್ನೆಲುಬು ಇರುತ್ತದೆ. ತೊಂದರೆ ಹೆಚ್ಚಾಗಿ ಬಾಡಿಗೆ ಮನೆಯಲ್ಲೋ ತಗಡಿನ ಶೆಡ್ಡಿನಲ್ಲೋ ಕೂಡುವ ಹೊಸ ಸ್ವತಂತ್ರ ಸಭೆಗಳಿಗೆ. ಅವರು ಇವನ್ನು ನೋಡಿಕೊಳ್ಳಬೇಕು:

- ನೋಂದಣಿ. ಹೆಚ್ಚಿನ ಸಭೆಗಳಿಗೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘವಾಗುವುದು ಸುಲಭದ ದಾರಿ. ನೋಂದಾಯಿಸಿ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರೆ ಸಾಲದು. ವರ್ಷವರ್ಷ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪರಿಶೋಧನೆಯಾದ ಜಮಾಖರ್ಚನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು.
- ಕಾಣಿಕೆ. ಪಾಸ್ಟರರ ಸ್ವಂತ ಖಾತೆಗೆ ಕಾಣಿಕೆ ಹಾಕಬೇಡಿ. ಪಾಸ್ಟರ್ ಎಷ್ಟೇ ಪ್ರಾಮಾಣಿಕರಾಗಿರಲಿ, ನಾಳೆ ವಿಚಾರಣೆ ಬಂದರೆ ಅವರೇ ಸಿಕ್ಕಿಬೀಳುತ್ತಾರೆ.
- ಸಂಬಳದ ತೆರಿಗೆ. ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಫಾದರ್ ಮತ್ತು ಸಿಸ್ಟರ್‌ಗಳು ಬಡತನದ ವ್ರತದಲ್ಲಿದ್ದು ಸಂಬಳವನ್ನು ಮಠಕ್ಕೆ ಒಪ್ಪಿಸಿದರೂ ಮೂಲದಲ್ಲೇ ತೆರಿಗೆ ಕಡಿತ ತಪ್ಪದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಅದು ಸರಿಯೋ ತಪ್ಪೋ ಎಂದು ಚರ್ಚಿಸಬಹುದು, ಕಟ್ಟಲೇಬೇಕು.
- ಹೊರದೇಶದ ಹಣ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ 2010ರ ಅಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಸಭೆಗೆ ಒಂದು ಡಾಲರ್ ಕೂಡ ಬರುವಂತಿಲ್ಲ. ನೋಂದಣಿ ಇದ್ದವರಿಗೂ ಹಣ ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ.
- ಹೊರದೇಶದ ಅತಿಥಿ. ಪ್ರವಾಸಿ ವೀಸಾದಲ್ಲಿ ಗೋಳಗುಮ್ಮಟ ನೋಡಲು ಬಂದವರನ್ನು ಪ್ರಸಂಗಪೀಠ ಹತ್ತಿಸಬೇಡಿ. ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ, 2025ರವರೆಗೆ "ಸಿ ನಮೂನೆ" ಎನ್ನುತ್ತಿದ್ದ ನಮೂನೆಯನ್ನು ತುಂಬಬೇಕು. ಇದು ವಿದೇಶಿಯರು ತಂಗಿರುವ ಮಾಹಿತಿಯನ್ನು ಸರಕಾರಕ್ಕೆ ತಿಳಿಸುವ ನಮೂನೆ.

ಮದುವೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿ ಅಜ್ಞಾನದಿಂದ ಆಗುವ ಅನಾಹುತ ದೊಡ್ಡದು. ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ 1872ರ ಪ್ರಕಾರ ಮದುವೆ ಮಾಡಿಸುವ ಅಧಿಕಾರ ಎಲ್ಲ ಪಾಸ್ಟರರಿಗೂ ತಾನಾಗಿ ಬರುವುದಿಲ್ಲ. ಬಿಷಪ್ಪರಿಂದ ದೀಕ್ಷೆ ಪಡೆದ ಪಾದ್ರಿಗಳು, ಸರಕಾರದಿಂದ ಪರವಾನಗಿ ಪಡೆದ ಸಭಾಪಾಲಕರು, ವಿವಾಹ ನೋಂದಣಾಧಿಕಾರಿ ಹೀಗೆ ಕೆಲವರಿಗಷ್ಟೇ ಅದಿದೆ. ಅಧಿಕಾರವಿಲ್ಲದೆ ಮದುವೆ ಮಾಡಿಸಿದರೆ ಹತ್ತು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ವರನಿಗೆ 21, ವಧುವಿಗೆ 18 ತುಂಬಿರಬೇಕು. ಸಾಕ್ಷಿಗಳು ಕನಿಷ್ಠ ಇಬ್ಬರು. ಸಮಯ ಬೆಳಿಗ್ಗೆ 6ರಿಂದ ಸಂಜೆ 7ರ ನಡುವೆ, ಅದಕ್ಕೆ ಕೆಲವು ವಿನಾಯಿತಿಗಳಿವೆ. ನಿಮ್ಮ ಪಾಸ್ಟರರ ಬಳಿ ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚ ಪಡಬೇಡಿ. ಇಲ್ಲದಿದ್ದರೆ ಪರವಾನಗಿ ಇದ್ದವರಿಂದ ಮದುವೆ ಮಾಡಿಸಿ, ಪ್ರಾರ್ಥನೆಯನ್ನು ನಿಮ್ಮವರಿಂದ ಮಾಡಿಸಿ. ಹತ್ತು ವರ್ಷದ ನಂತರ ಪಾಸ್‌ಪೋರ್ಟಿಗೋ ಪಿಂಚಣಿಗೋ ಮದುವೆಯ ಪ್ರಮಾಣಪತ್ರ ಬೇಕಾದಾಗ ಅಳುತ್ತ ಬರುವವರು ಹೆಣ್ಣುಮಕ್ಕಳು.

ಹಂತ 4: ಕೇಳಬೇಕಾದ್ದನ್ನು ಬರೆದು ಕೇಳಿ

ಮೊದಲು ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಬೇರ್ಪಡಿಸಿಕೊಳ್ಳಿ. ನಿಮ್ಮ ಮನೆಯೊಳಗೆ ಮನೆಯವರೂ ನೆಂಟರೂ ನೆರೆಯವರೂ ಕುಳಿತು ಪ್ರಾರ್ಥಿಸಲು ಪೊಲೀಸರ ಅನುಮತಿ ಬೇಕೆನ್ನುವ ಕಾನೂನು ಇಲ್ಲ. ಸಂವಿಧಾನದ 25ನೆಯ ವಿಧಿ ನಂಬುವ, ಆಚರಿಸುವ, ಸಾರುವ ಹಕ್ಕು ಕೊಡುತ್ತದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯ ಎಂಬ ಮಿತಿಗಳೂ ಅದರಲ್ಲೇ ಇವೆ. ಆದರೆ ಮನೆಗೆ ಬೋರ್ಡು ಹಾಕಿ, ವಾರಕ್ಕೆ ಮೂರು ದಿನ ನೂರು ಜನ ಸೇರಿಸಿ, ಓಣಿಯ ತುಂಬ ಬೈಕು ನಿಲ್ಲಿಸಿದರೆ ಅದು ಮನೆ ಎಂದು ವಾದಿಸುವುದು ಕಷ್ಟ. ಆಗ ಕಟ್ಟಡದ ಬಳಕೆ ಬದಲಾವಣೆಯ ಪ್ರಶ್ನೆ ಏಳುತ್ತದೆ, ಪಂಚಾಯಿತಿಯೋ ಪುರಸಭೆಯೋ ಕೇಳುತ್ತದೆ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು. ಶಬ್ದ ಮಾಲಿನ್ಯ ನಿಯಮ 2000ರಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಬಳಸುವಂತಿಲ್ಲ, ಮುಚ್ಚಿದ ಸಭಾಂಗಣದ ಒಳಗೆ ವಿನಾಯಿತಿ ಇದೆ. ವಾಸದ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ಇರುಳಿನದು 45. ಡೆಸಿಬೆಲ್ ಎಂದರೆ ಶಬ್ದದ ಅಳತೆ. 55 ಅಂದರೆ ಇಬ್ಬರು ಕೂತು ಆಡುವ ಮಾತಿಗೆ ಹತ್ತಿರದ್ದು, ನಮ್ಮ ಉಪವಾಸ ಪ್ರಾರ್ಥನೆಯ ಮೈಕು ಅದಕ್ಕೆ ಎಷ್ಟು ದೂರ ಎಂದು ನೀವೇ ಊಹಿಸಿಕೊಳ್ಳಿ. ಹಬ್ಬಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಕ್ರಿಸ್ಮಸ್ ಮುನ್ನಾದಿನ ಆ ಪಟ್ಟಿಯಲ್ಲಿದೆಯೇ ಎಂದು ಆ ವರ್ಷವೇ ವಿಚಾರಿಸಿ. ಪೌಲ ಮತ್ತು ಸೀಲರು ಸೆರೆಮನೆಯಲ್ಲಿ ನಡುರಾತ್ರಿ ಹಾಡಿದ್ದು ಮೈಕಿಲ್ಲದೆಯೇ ಎಲ್ಲ ಕೈದಿಗಳಿಗೂ ಕೇಳಿಸಿತು ಎಂಬುದನ್ನೂ ನೆನಪಿಡಿ.

ಅರ್ಜಿ ಹೀಗಿರಲಿ:

"ಗೆ, ಪೊಲೀಸ್ ಸಬ್ ಇನ್‌ಸ್ಪೆಕ್ಟರ್, (ಠಾಣೆಯ ಹೆಸರು).
ವಿಷಯ: ಡಿಸೆಂಬರ್ 23ರಂದು ಕ್ರಿಸ್ಮಸ್ ಗೀತೆಗಳ ಮೆರವಣಿಗೆ ಮತ್ತು ಧ್ವನಿವರ್ಧಕ ಬಳಕೆಗೆ ಅನುಮತಿ ಕೋರಿ.
ಮಾನ್ಯರೇ, ಮೇಲ್ಕಂಡ ದಿನ ಸಂಜೆ 6ರಿಂದ 9ರವರೆಗೆ ನಮ್ಮ ಸಭೆಯ ಸುಮಾರು 40 ಜನ (ಇಲ್ಲಿಂದ) (ಇಲ್ಲಿಯವರೆಗೆ) ಕಾಲ್ನಡಿಗೆಯಲ್ಲಿ ಹಾಡುತ್ತ ಹೋಗುತ್ತೇವೆ. ಒಂದು ತಳ್ಳುಗಾಡಿಯ ಮೇಲೆ ಎರಡು ಧ್ವನಿಪೆಟ್ಟಿಗೆ ಇರುತ್ತವೆ. ಸಂಚಾರಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಲು ಎಂಟು ಸ್ವಯಂಸೇವಕರಿರುತ್ತಾರೆ. ಹೊಣೆಗಾರರ ಹೆಸರು, ಮೊಬೈಲ್ ಸಂಖ್ಯೆ ಕೆಳಗಿದೆ. ಅನುಮತಿ ನೀಡಿ ಸಹಕರಿಸಬೇಕಾಗಿ ವಿನಂತಿ."

ಇಷ್ಟೇ. ಸತ್ಯವೇದದ ವಚನ ಬರೆಯಬೇಡಿ, ಸಂವಿಧಾನದ ವಿಧಿಗಳನ್ನು ಜಪಿಸಬೇಡಿ. ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತು, ಯಾರು ಹೊಣೆ ಎಂಬ ನಾಲ್ಕೇ ಪ್ರಶ್ನೆ ಅಧಿಕಾರಿಯ ತಲೆಯಲ್ಲಿರುತ್ತವೆ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಪಡೆಯಿರಿ, ಅಂದರೆ ಅರ್ಜಿ ತಲುಪಿದ್ದಕ್ಕೆ ಗುರುತು: ದುಂಡನೆಯ ಮೊಹರು, ದಿನಾಂಕ, ಆವಕ ಸಂಖ್ಯೆ, ಸಣ್ಣದೊಂದು ಸಹಿ. ಶಾಯಿ ಒಣಗಿದ ಮೊಹರು ಅರ್ಧ ಮಾತ್ರ ಮೂಡಿದ್ದರೆ ಇನ್ನೊಮ್ಮೆ ಒತ್ತಿಸಿಕೊಳ್ಳಿ, ಟಪಾಲಿನವರು ಬೇಸರಿಸಿದರೂ ಪರವಾಗಿಲ್ಲ. ಆ ಮೇಜಿನಲ್ಲಿ ಕುಳಿತು ಬೇಸರಿಸಿದವನೇ ಹೇಳುತ್ತಿದ್ದೇನೆ.

ಬೆಳಗಾವಿಯವರಿಗೆ ಒಂದು ಕಿವಿಮಾತು. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲೇ ನಡೆಯುತ್ತದೆ. ಪೊಲೀಸರೆಲ್ಲ ಆ ಬಂದೋಬಸ್ತಿನಲ್ಲಿ ಮುಳುಗಿರುತ್ತಾರೆ. ಕ್ರಿಸ್ಮಸ್ ಅರ್ಜಿಯನ್ನು ನವೆಂಬರಿನಲ್ಲೇ ಕೊಟ್ಟುಬಿಡಿ. ಬೆಳಗಾವಿ ನಗರದಲ್ಲಿ ಠಾಣೆಯ ಮೇಲೆ ಪೊಲೀಸ್ ಆಯುಕ್ತರ ಕಚೇರಿ ಇದೆ. ವಿಜಯಪುರ, ಬಾಗಲಕೋಟೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ.

ಹಂತ 5: ದೀಕ್ಷಾಸ್ನಾನ ಮತ್ತು ಜಾತಿ ಪ್ರಮಾಣಪತ್ರ

ಮತಾಂತರದ ಮಸೂದೆಯನ್ನು ವಿಧಾನಸಭೆ ಅಂಗೀಕರಿಸಿದ್ದು 2021ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲೇ. 2022ರಲ್ಲಿ ಅದು ಕಾಯ್ದೆಯಾಯಿತು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ಘೋಷಣೆ ಕೊಡಬೇಕು, ಬಲವಂತ ಅಥವಾ ಆಮಿಷ ರುಜುವಾತಾದರೆ ಮೂರರಿಂದ ಐದು ವರ್ಷ, ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರ ವಿಷಯದಲ್ಲಾದರೆ ಹತ್ತು ವರ್ಷದವರೆಗೆ ಶಿಕ್ಷೆ ಎಂಬುದು ಅದರ ತಿರುಳು. 2023ರ ಜೂನ್‌ನಲ್ಲಿ ಮುಂದಿನ ಸರಕಾರದ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಪತ್ರಿಕೆಯ ತಲೆಬರಹ ನೋಡಿ "ಕಾಯ್ದೆ ಹೋಯಿತು" ಎಂದು ಕುಣಿದವರನ್ನು ಕಂಡಿದ್ದೇನೆ. ಸಂಪುಟದ ತೀರ್ಮಾನ ಬೇರೆ, ಎರಡೂ ಸದನ ಒಪ್ಪಿ ರಾಜ್ಯಪತ್ರದಲ್ಲಿ ಪ್ರಕಟವಾಗುವ ಕಾನೂನು ಬೇರೆ. ದೀಕ್ಷಾಸ್ನಾನ ಗೊತ್ತುಪಡಿಸುವ ಮೊದಲು ಆ ದಿನಕ್ಕೆ ಜಾರಿಯಲ್ಲಿರುವ ನಿಯಮ ಏನೆಂದು ವಕೀಲರಿಂದ ತಿಳಿದುಕೊಳ್ಳಿ.

ಸಾರುವ ಹಕ್ಕಿನಲ್ಲಿ ಮತ್ತೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಅಕ್ಕಿ ಮೂಟೆ, ಶಾಲೆಯ ಫೀಸು, "ರೋಗ ವಾಸಿಯಾಗುತ್ತದೆ" ಎಂಬ ಭರವಸೆ ಇವುಗಳ ಬೆನ್ನಿಗೆ ದೀಕ್ಷಾಸ್ನಾನ ಇಡಬೇಡಿ. ಕಾನೂನು ಇರಲಿ ಬಿಡಲಿ, ಹಾಗೆ ಬಂದವರು ನಿಲ್ಲುವುದಿಲ್ಲ. ಬಡವರಿಗೆ ಅಕ್ಕಿ ಕೊಡಬೇಕೆನಿಸಿದರೆ ಕೊಡಿ, ಸಭೆಗೆ ಬಾರದವರಿಗೂ ಕೊಡಿ. ತಾವಾಗಿ ಬಂದವರಿಂದ, 18 ತುಂಬಿದವರಿಂದ, ಸ್ವಂತ ಕೈಬರಹದಲ್ಲಿ ಒಂದು ಹೇಳಿಕೆ ಬರೆಸಿಕೊಂಡು ಕಡತಕ್ಕೆ ಸೇರಿಸಿ.

ಜಾತಿ ಪ್ರಮಾಣಪತ್ರದ ವಿಷಯ ನೋವಿನದು. ಸಂವಿಧಾನದ ಪರಿಶಿಷ್ಟ ಜಾತಿಗಳ ಆದೇಶ 1950ರ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರಿಗೆ ಆ ಮೀಸಲಾತಿ ಸಿಗುವುದಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಲಾಯಿತು. ದಲಿತ ಕ್ರೈಸ್ತರು ಇನ್ನೂ ಹೊರಗಿದ್ದಾರೆ. ಹೊಲಗೇರಿಯ ಬಾವಿ ಧರ್ಮ ಬದಲಾಯಿಸಿದ ಮಾತ್ರಕ್ಕೆ ಬದಲಾಗುವುದಿಲ್ಲ ಎಂಬುದು ನಮ್ಮ ಜಿಲ್ಲೆಗಳಲ್ಲಿ ಯಾರಿಗೆ ಗೊತ್ತಿಲ್ಲ? ಈ ನಿಯಮ ಅನ್ಯಾಯದ್ದು ಎಂಬುದೇ ನನ್ನ ಅಭಿಪ್ರಾಯ. ಆದರೆ ಭಾನುವಾರ ಒಂದು ಹೆಸರು, ನಾಡ ಕಚೇರಿಯಲ್ಲಿ ಇನ್ನೊಂದು ಹೆಸರು ಎಂಬ ಬದುಕನ್ನು ನಾನು ಯಾರಿಗೂ ಕಲಿಸಲಾರೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಪ್ರವರ್ಗ 1ರಲ್ಲಿ, ಇತರ ಕ್ರೈಸ್ತರಿಗೆ 3ಬಿಯಲ್ಲಿ ಸ್ಥಾನವಿದೆ. ಅದನ್ನು ಕೇಳಿ ಪಡೆಯಿರಿ. ನಿಯಮ ಬದಲಾಗಬೇಕೆಂಬ ಹೋರಾಟ ಸುಪ್ರೀಂ ಕೋರ್ಟಿನಲ್ಲಿ ವರ್ಷಗಳಿಂದ ನಡೆದಿದೆ, ಅದಕ್ಕೆ ಕೈ ಜೋಡಿಸಿ. ಇಂಥ ಮನೆಯ ಮಗುವಿನ ಓದಿನ ಖರ್ಚನ್ನು ಸಭೆ ಹೊರದೆ ಬರೀ ಸತ್ಯದ ಉಪದೇಶ ಮಾಡಿದರೆ ಅದು ಫರಿಸಾಯರ ಕೆಲಸವಾಗುತ್ತದೆ.

ಹಂತ 6: ಪೊಲೀಸರು ಬಾಗಿಲಿಗೆ ಬಂದಾಗ

ಫಿಲಿಪ್ಪಿಯ ಪ್ರಸಂಗವನ್ನು (ಅಪೊಸ್ತಲರ ಕೃತ್ಯಗಳು 16:35-40) ಇನ್ನೊಮ್ಮೆ ಓದಿ. ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ್ದ ಅಧಿಕಾರಿಗಳು ಬೆಳಿಗ್ಗೆ "ಸದ್ದಿಲ್ಲದೆ ಹೋಗಿಬಿಡಿ" ಎಂದು ಹೇಳಿಕಳಿಸಿದರು. ಪೌಲ ಒಪ್ಪಲಿಲ್ಲ. ನಾವು ರೋಮ್ ಪ್ರಜೆಗಳು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದ. ಅವರು ಬಂದರು. ಅದೇ ಪೌಲನೇ ರೋಮಾಪುರ 13ನ್ನೂ ಬರೆದದ್ದು. ಹಕ್ಕು ಕೇಳುವುದು ಅಹಂಕಾರವೆಂದು ನಂಬುವ ವಿಶ್ವಾಸಿಗಳು ಇದನ್ನು ಎರಡು ಸಲ ಓದಬೇಕು.

ಬಂದವರನ್ನು ಕುರ್ಚಿ ಕೊಟ್ಟು ಕೂರಿಸಿ. ಚಹಾ ಕೊಟ್ಟರೆ ತಪ್ಪೇನಿಲ್ಲ. ಆಮೇಲೆ ಕೇಳಿ: ದೂರು ಕೊಟ್ಟವರು ಯಾರು, ಯಾವ ವಿಷಯಕ್ಕೆ? ಪ್ರಾರ್ಥನೆ ನಿಲ್ಲಿಸಿ ಎಂಬ ಸೂಚನೆಯಿದ್ದರೆ ದಯವಿಟ್ಟು ಬರೆದುಕೊಡಿ ಎನ್ನಿ. ಬರೆದುಕೊಡಿ ಎಂಬ ಆ ಒಂದು ಮಾತಿಗೆ ಎಷ್ಟೋ ಸೂಚನೆಗಳು ಅಲ್ಲೇ ಕರಗುತ್ತವೆ. ಆದರೆ ಆ ಪ್ರದೇಶದಲ್ಲಿ ನಿಷೇಧಾಜ್ಞೆ ನಿಜವಾಗಿ ಜಾರಿಯಲ್ಲಿದ್ದರೆ ಪಾಲಿಸಿ. ಹಿಂದೆ 144ನೆಯ ಸೆಕ್ಷನ್ ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಸೆಕ್ಷನ್ ಆಗಿದೆ.

ವಿಚಾರಣೆಗೆ ಕರೆದರೆ ತಪ್ಪಿಸಿಕೊಳ್ಳಬೇಡಿ, ನೋಟಿಸು ಪಡೆದು ವಕೀಲರೊಂದಿಗೆ ಹೋಗಿ. ಮಹಿಳೆಯರನ್ನು, 15ರೊಳಗಿನ ಹುಡುಗರನ್ನು, 60 ದಾಟಿದವರನ್ನು ಸಾಕ್ಷಿ ಹೇಳಿಕೆಗಾಗಿ ಠಾಣೆಗೆ ಕರೆಸುವಂತಿಲ್ಲ, ಅವರಿರುವಲ್ಲಿಗೇ ಬಂದು ಕೇಳಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೆಯ ವಿಧಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಬಂದವರು ಪೊಲೀಸರಲ್ಲದೆ ಗುಂಪಾಗಿದ್ದರೆ ಮಾತಿಗೆ ಮಾತು ಬೆಳೆಸಬೇಡಿ. ಮಕ್ಕಳನ್ನೂ ಹೆಂಗಸರನ್ನೂ ಒಳಗೆ ಕಳಿಸಿ 112ಕ್ಕೆ ಕರೆ ಮಾಡಿ. ನ್ಯಾಯಯುತವಾಗಿ ಕೂಡಿದ ಆರಾಧನೆಗೆ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 300ನೆಯ ಸೆಕ್ಷನ್ ಪ್ರಕಾರ ಅಪರಾಧ. ದೂರು ಕೊಟ್ಟು ಎಫ್‌ಐಆರ್ ಪ್ರತಿ ಕೇಳಿ, ಅದು ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ನ್ಯಾಯಾಲಯ, ಮುಂದೆ ಹೈಕೋರ್ಟ್. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಧಾರವಾಡ ಹತ್ತಿರವೆಂದು ಅಲ್ಲಿಗೆ ಹೋಗಿ ಹಿಂದಿರುಗಿದ ವಿಜಯಪುರದವರಿದ್ದಾರೆ.

ವಿಡಿಯೊ ಮಾಡಿಕೊಂಡರೆ ವಕೀಲರಿಗೆ ಕೊಡಿ. ಆವೇಶದ ಹಿನ್ನೆಲೆ ಸಂಗೀತ ಸೇರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟರೆ ದೂರುದಾರರಾಗಿದ್ದ ನೀವು ಆರೋಪಿಯಾಗಬಹುದು.

ಹಂತ 7: ಲಂಚ ಕೇಳಿದಾಗ

ದೇಶಾಧಿಪತಿ ಫೆಲಿಕ್ಸ ಪೌಲನಿಂದ ಹಣ ಸಿಗಬಹುದೆಂದು ಆಗಾಗ ಕರೆಸಿ ಮಾತನಾಡುತ್ತಿದ್ದ. ಹಣ ಬರಲಿಲ್ಲ, ಪೌಲ ಎರಡು ವರ್ಷ ಸೆರೆಯಲ್ಲೇ ಉಳಿದ (ಅಪೊಸ್ತಲರ ಕೃತ್ಯಗಳು 24:26-27). ಇದು ಸುಲಭದ ದಾರಿ ಎಂದು ನಾನು ಹೇಳುವುದಿಲ್ಲ.

ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿಯ ನಂತರ ಲಂಚ ಕೊಡುವವರೂ ಅಪರಾಧಿಗಳೇ. ಒತ್ತಡಕ್ಕೆ ಸಿಕ್ಕಿ ಕೊಡಬೇಕಾಗಿ ಬಂದವರು ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ಪಾರಾಗಬಹುದು. ಕೊಡದೆ ಕೆಲಸ ಮಾಡಿಸಿಕೊಳ್ಳುವ ದಾರಿ ಇದು: ಗೊತ್ತುಪಡಿಸಿದ ದಿನದೊಳಗೆ ಸರಕಾರಿ ಸೇವೆ ಕೊಡಬೇಕೆನ್ನುವ ಸಕಾಲ ಯೋಜನೆಯಡಿ ಅರ್ಜಿ ಹಾಕಿ ಸಂಖ್ಯೆ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಿ. ಜೊತೆಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ "ನನ್ನ ಅರ್ಜಿ ಇಂದು ಯಾರ ಮೇಜಿನ ಮೇಲಿದೆ?" ಎಂದು ಕೇಳಿ. ಈ ಪ್ರಶ್ನೆಯಿರುವ ಕಾಗದ ಒಳಗೆ ಬಂದ ದಿನ ಕಚೇರಿಯಲ್ಲಿ ಕಡತಗಳು ಹೇಗೆ ಓಡಾಡುತ್ತವೆ ಎಂಬುದನ್ನು ನೋಡಿಯೇ ನಂಬಬೇಕು. ಅದಕ್ಕೂ ಆಗದಿದ್ದರೆ ಲೋಕಾಯುಕ್ತ.

ನೀವೇ ಸರಕಾರಿ ನೌಕರರಾಗಿದ್ದರೆ ಲೂಕ 3:12-14 ನಿಮಗಾಗಿಯೇ ಇದೆ. ಸುಂಕದವರಿಗೂ ಸಿಪಾಯಿಗಳಿಗೂ ಸ್ನಾನಿಕ ಯೋಹಾನ ನೌಕರಿ ಬಿಡಲು ಹೇಳಲಿಲ್ಲ. ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಕೇಳಬೇಡಿ, ಬೆದರಿಸಿ ಹಣ ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ.

ಹಂತ 8: ಒಲ್ಲೆ ಎನ್ನಬೇಕಾಗಿ ಬಂದಾಗ

ಈಗ ದಾನಿಯೇಲನ ಪ್ರಶ್ನೆ. ಇಲ್ಲಿಗೆ ಬರುವ ಮೊದಲು ಮೂರು ಸಂಗತಿ ಕೇಳಿಕೊಳ್ಳಿ.

ಮೊದಲನೆಯದು, ಈ ಆಜ್ಞೆ ದೇವರು ಬೇಡವೆಂದದ್ದನ್ನು ಮಾಡಿಸುತ್ತಿದೆಯೇ, ಬೇಕೆಂದದ್ದನ್ನು ತಡೆಯುತ್ತಿದೆಯೇ? ಅಥವಾ ನನ್ನ ಅನುಕೂಲಕ್ಕೆ ಮಾತ್ರ ಅಡ್ಡ ಬರುತ್ತಿದೆಯೇ? ಮೈಕು ನಿಲ್ಲಿಸಿ ಎನ್ನುವುದು ಅನುಕೂಲದ ಪ್ರಶ್ನೆ. ಯೇಸುವಿನ ಹೆಸರೇ ಎತ್ತಬೇಡಿ ಎನ್ನುವುದು ಅಪೊಸ್ತಲರ ಪ್ರಶ್ನೆ. ಆಜ್ಞೆ ಎಲ್ಲರಿಗೂ ಒಂದೇ ಸಮನಾಗಿದೆಯೇ ಎಂಬುದನ್ನೂ ನೋಡಿ. 2020ರ ಕೊರೊನಾ ಕಾಲದಲ್ಲಿ ಚರ್ಚಿಗೆ ಬೀಗ ಬಿತ್ತೆಂದು ಕೆಲವರು ಹಿಂಸೆಯ ಮಾತೆತ್ತಿದರು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೂ ಆಗ ಬೀಗವೇ ಇತ್ತು.

ಎರಡನೆಯದು, ನಡುವೆ ದಾರಿಯಿದೆಯೇ? ಅರಮನೆಯ ಊಟ ಒಲ್ಲೆನೆಂದ ದಾನಿಯೇಲ ತಟ್ಟೆ ಎಸೆಯಲಿಲ್ಲ. ಹತ್ತು ದಿನ ಕಾಯಿಪಲ್ಯ ಕೊಟ್ಟು ನೋಡಿ, ಆಮೇಲೆ ನಿಮ್ಮ ಇಷ್ಟ ಎಂದು ಮೇಲ್ವಿಚಾರಕನಿಗೆ ಹೇಳಿದ (ದಾನಿಯೇಲ 1:12-13). ಆ ಅಧಿಕಾರಿಯ ತಲೆಗೂ ಅಪಾಯವಿತ್ತು, ಅದು ಅವನಿಗೆ ಗೊತ್ತಿತ್ತು. ಹಾಗೆ ಯೋಚಿಸಿ: ನಿಮ್ಮೆದುರು ಕುಳಿತ ಪಿಎಸ್‌ಐಗೂ ಮೇಲಿಂದ ಒತ್ತಡವಿರುತ್ತದೆ. ಸಮಯ ಬದಲಿಸುವುದು, ಸ್ಥಳ ಬದಲಿಸುವುದು, ಜನ ಕಡಿಮೆ ಮಾಡುವುದು ಇವನ್ನು ನೀವೇ ಮುಂದಿಡಿ.

ಮೂರನೆಯದು, ಹೆಸರು ಬರೆದು ಸಹಿ ಹಾಕಿ ಒಲ್ಲೆ ಎನ್ನಲು, ಬಂದದ್ದನ್ನು ಅನುಭವಿಸಲು ಸಿದ್ಧರಿದ್ದೀರಾ? ಕದ್ದುಮುಚ್ಚಿ ಮುರಿಯುವುದು ನಿರಾಕರಣೆ ಎನಿಸುವುದಿಲ್ಲ. ಐಗುಪ್ತದ ಸೂಲಗಿತ್ತಿಯರಾದ ಶಿಪ್ರಾ ಮತ್ತು ಪೂಗಾ ಫರೋಹನಿಗೆ ನೇರ ಉತ್ತರ ಕೊಡದೆ ಜಾರಿಕೊಂಡರಲ್ಲ ಎಂದು ಕೇಳುವವರುಂಟು. ಹೌದು. ಅಲ್ಲಿ ಹಸುಗೂಸುಗಳ ಜೀವವಿತ್ತು. ನಮ್ಮ ಸಭಾಂಗಣದ ಪರವಾನಗಿಯನ್ನು ಅದರ ಪಕ್ಕ ಇಡಬೇಡಿ.

ನಮ್ಮ ದೇಶದ ಒಂದು ಪ್ರಕರಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೇರಳದ ಮೂವರು ಶಾಲಾ ಮಕ್ಕಳು, ಯೆಹೋವನ ಸಾಕ್ಷಿಗಳ ಪಂಥದವರು, 1985ರಲ್ಲಿ ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟರು. ನಮ್ಮಲ್ಲಿ ಹೆಚ್ಚಿನವರಿಗೆ ರಾಷ್ಟ್ರಗೀತೆ ಹಾಡಲು ಯಾವ ಅಡ್ಡಿಯೂ ಇಲ್ಲ, ನಾವು ಎದೆ ತುಂಬಿ ಹಾಡುತ್ತೇವೆ. ಆದರೂ ಆ ಮಕ್ಕಳು ನಡೆದುಕೊಂಡ ರೀತಿ ನೋಡಿ: ಉಳಿದವರು ಹಾಡುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಗಲಾಟೆಯಿಲ್ಲ, ಅಣಕವಿಲ್ಲ. ಆ ಎದ್ದುನಿಂತದ್ದನ್ನು ಸುಪ್ರೀಂ ಕೋರ್ಟ್ ಗಮನಿಸಿತು, 1986ರಲ್ಲಿ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಲು ಹೇಳಿತು.

ಹಂತ 9: ಚುನಾವಣೆ ಬಂದಾಗ

ಮತ ಹಾಕಿ, ಯಾರಿಗೆಂದು ಪೀಠದಿಂದ ಹೇಳಬೇಡಿ. ಧಾರ್ಮಿಕ ಸ್ಥಳವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು 1988ರ ಕಾಯ್ದೆಯೊಂದು ನಿಷೇಧಿಸಿದೆ, ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಅಕ್ರಮ. ಪಾಸ್ಟರರೇ, "ನಮ್ಮ ಜನರ ಇಷ್ಟು ಮತ ನನ್ನ ಕೈಯಲ್ಲಿದೆ" ಎಂದು ಅಭ್ಯರ್ಥಿಗೆ ಹೇಳುವ ದಿನ ನೀವು ಸಭಾಪಾಲಕರಾಗಿ ಉಳಿಯುವುದಿಲ್ಲ. ವಿಶ್ವಾಸಿ ಒಬ್ಬರು ತಾವೇ ಪಂಚಾಯಿತಿಗೆ ನಿಲ್ಲುತ್ತೇನೆಂದರೆ ಸಂತೋಷ. ಆದರೆ ಹುದ್ದೆ ಮುಗಿಯುವವರೆಗೆ ಸಭೆಯ ಖಜಾಂಚಿ ಕೆಲಸ ಬೇರೆಯವರಿಗೆ ಬಿಡಲಿ.

ಪ್ರಚಾರದ ಬಿಸಿಯಲ್ಲಿ ಅಭ್ಯರ್ಥಿಗಳು ಭಾನುವಾರವೇ ಆಶೀರ್ವಾದ ಕೇಳಿಕೊಂಡು ಬರುತ್ತಾರೆ. ಓಡಿಸಬೇಡಿ, ಹಾರ ಹಾಕಬೇಡಿ, ಮೈಕು ಕೊಡಬೇಡಿ. ಆರಾಧನೆ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕೂರಲು ಹೇಳಿ. ಆಮೇಲೆ ಹೊರಗಿನ ಬೇವಿನ ಮರದ ಕೆಳಗೆ ಎರಡು ನಿಮಿಷ ಅವರಿಗಾಗಿ ಪ್ರಾರ್ಥಿಸಿ. ಮುಂದಿನ ಭಾನುವಾರ ಎದುರಾಳಿ ಬಂದರೆ ಅದೇ ಬೆಂಚು, ಅದೇ ಮರ, ಅಷ್ಟೇ ಎರಡು ನಿಮಿಷ.